ಗರುಡನಿಗೆ ಕೈ ಮುಗಿಯುವ ಕೆಲಸ

ನಮ್ಮ ಮಾಮನಿಗೆ ಈ ಜನ್ಮದಲ್ಲಿ ಒಂದು ಸರ್ಟಿಫಿಕೇಟು ಸಿಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ಮಾಮಿ. ಅದೂ ಹೇಗೆ? ಮಡಿಲಲ್ಲಿ ತಡ್ಪೆ, ಎಂದರೆ ಬೀಡಿಯೆಲೆಯ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಾ, ತಲೆಯನ್ನೂ ಎತ್ತದೆ! "ಇವರಿಗೆ ಕಾಗೆ ಕೂಡ ನಿಂತು ಫೋಟೋ ಕೊಡ್ಲಿಕ್ಕಿಲ್ಲ. ಸರ್ಟಿಫಿಕೇಟು ಅಂತೆ!" ಎರಡನೆಯವರು ಮಾಮನ ಜೀವದ ಗೆಳೆಯ ಹಮೀದಾಕ. ಗೆಳೆಯರಾದ ಕಾರಣ ಸ್ವಲ್ಪ ಮೆತ್ತಗೆ, "ಅದು ಕಷ್ಟ ಉಂಟು ಮಾರಾಯ್ರೆ" ಎಂದರು. ಮೂರನೆಯವಳು ನಾನು. ಹಕ್ಕಿಗಳಿಗೆ ಮಾತು ಬರುತ್ತಿದ್ದರೆ ಮಂಗಳೂರಿನಿಂದ ಉಳ್ಳಾಲದವರೆಗಿನ ಅಷ್ಟೂ ಕಡಲಹಕ್ಕಿಗಳು ನಮ್ಮ ಪರವಾಗಿ ರೆಕ್ಕೆ ಎತ್ತಿ ಸಾಕ್ಷಿ ಹೇಳುತ್ತಿದ್ದವು.

ಸರ್ಟಿಫಿಕೇಟು ಎಂದರೆ ದೊಡ್ಡ ಪ್ರಶಸ್ತಿ ಎಂದೆಲ್ಲ ನೀವು ತಿಳಿಯಬೇಡಿ. ನಮ್ಮ ಊರಿನ ಹಕ್ಕಿಪ್ರಿಯರ ಒಂದು ಗುಂಪು ಕರಾವಳಿಯ ಹಕ್ಕಿಗಳ ಫೋಟೋ ಪ್ರದರ್ಶನ ಮಾಡುತ್ತದೆ. ಯಾರು ಬೇಕಾದರೂ ಫೋಟೋ ಕಳಿಸಬಹುದು. ಒಳ್ಳೆಯದನ್ನು ಆರಿಸಿ, ಚೌಕಟ್ಟು ಹಾಕಿ ತೂಗುಹಾಕುತ್ತಾರೆ. ತೆಗೆದವರನ್ನು ವೇದಿಕೆಗೆ ಕರೆದು, ಹೆಸರು ಅಚ್ಚಾದ ಒಂದು ದಪ್ಪ ಕಾಗದ ಕೊಡುತ್ತಾರೆ. ಅಷ್ಟೇ! ಆ ಅಷ್ಟೇ ಎನ್ನುವುದಕ್ಕಾಗಿ ನಮ್ಮ ಮಾಮ ಅವರ ಮನೆ, ಪಕ್ಕದ ನಮ್ಮ ಮನೆ, ಎರಡೂ ಕಡೆಯವರ ನಿದ್ದೆ ಕೆಡಿಸಿದರು.

ಅವರಿಗೆ ಅದು ಯಾಕೆ ಬೇಕಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಅಮ್ಮನ ಅಣ್ಣನಾದ ಈ ಮಾಮ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೂದಲು ನೆರೆಯುವವರೆಗೂ ವೆಲ್ಡಿಂಗ್ ಮಾಡಿದವರು. ಅವರ ಹೆಸರು ಬರೆದ ಒಂದೇ ಒಂದು ಸರ್ಟಿಫಿಕೇಟು ಲೋಕದಲ್ಲಿ ಇರಲಿಲ್ಲ. ಶಾಲೆ ಬಿಟ್ಟ ಸರ್ಟಿಫಿಕೇಟು ಕೂಡ ಇಲ್ಲ. ಯಾಕೆಂದರೆ ಅವರು ಹೇಳಿ ಬಿಟ್ಟದ್ದಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಹಾಗೆಯೇ ಬಿಟ್ಟುಹೋಯಿತು. ವರ್ಕ್‌ಶಾಪಿಗೆ ಫೈಲು ಹಿಡಿದುಕೊಂಡು ಬಂದ ಎಳೆಯರು ಕುರ್ಚಿಯಲ್ಲಿ ಕುಳಿತರು. ಮಾಮ ಕೊನೆಯವರೆಗೂ ನಿಂತೇ ಇದ್ದರು. "ಅವರ ಹತ್ತಿರ ಕಾಗದ ಉಂಟು ಮಗಾ" ಎಂದು ಒಮ್ಮೆ ಹೇಳಿದ್ದರು. ದೂರು ಅಂತಲ್ಲ, ಬಸ್ಸು ಹೊರಟು ಹೋಯಿತು ಎನ್ನುವ ಹಾಗೆ.

ಇನ್ನು ನಾನು. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಬೀಡಿಯ ಎಲೆ ಕತ್ತರಿಸುತ್ತಾ ಡೆಬಿಟ್ಟು ಕ್ರೆಡಿಟ್ಟು ಬಾಯಿಪಾಠ ಮಾಡಿ ಬಿ.ಕಾಂ. ಪಾಸಾದೆ. ನನಗೆ ಅದರ ಹೆಮ್ಮೆ ಉಂಟು, ಮುಚ್ಚಿಡುವುದು ಯಾಕೆ? ಆದರೆ ಒಂದು ಉಪದ್ರವೂ ಉಂಟು. ಮನೆಯಲ್ಲಿ ಒಬ್ಬರಿಗೇ ಡಿಗ್ರಿ ಇದ್ದರೆ, ಆ ಡಿಗ್ರಿ ಎಲ್ಲದಕ್ಕೂ ಆಗಬೇಕು! ಕರೆಂಟಿನ ಬಿಲ್ಲು ಜಾಸ್ತಿ ಬಂದರೆ ನನ್ನನ್ನು ಕರೆಯುತ್ತಾರೆ. ಮಿಕ್ಸಿ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಪಕ್ಕದ ಮನೆಯ ಬೆಕ್ಕು ಅನ್ನ ಬಿಟ್ಟಾಗಲೂ ಮಾಮ ನನ್ನನ್ನೇ ಕರೆದು, "ಡಿಗ್ರಿ ಆದವಳಲ್ವಾ, ಸ್ವಲ್ಪ ನೋಡು" ಎಂದಿದ್ದರು. ಹಾಗಿರುವಾಗ ಹಕ್ಕಿಯ ಕೆಲಸಕ್ಕೆ ಬಿಡುತ್ತಾರೆಯೇ?

ಕ್ಯಾಮರಾ ಬಂದದ್ದು ಹಮೀದಾಕನಿಂದ. ಅವರು ಗಲ್ಫಿನಲ್ಲಿದ್ದಾಗ ಕೊಂಡದ್ದು. ಊರಿಗೆ ಬಂದ ಮೇಲೆ ಉಳ್ಳಾಲದಲ್ಲಿ ಅಂಗಡಿ ಹಾಕಿದರು, ಕ್ಯಾಮರಾ ಕಪಾಟಿನಲ್ಲಿ ಮಲಗಿತ್ತು. "ನಿಮಗೆ ರಿಟೈರ್ ಆಗಿದೆ, ಹೊತ್ತು ಹೋಗ್ತದೆ, ಇಟ್ಕೊಳ್ಳಿ" ಎಂದು ಮಾಮನಿಗೆ ಕೊಟ್ಟರು. ಮಾಮನ ಹೊತ್ತು ಹೋಯಿತು. ಅದರ ಜೊತೆಗೆ ನಮ್ಮೆಲ್ಲರದ್ದೂ ಹೋಯಿತು. "ಹಕ್ಕಿಗೆ ಬೈದು ಪ್ರಯೋಜನ ಇಲ್ಲ. ಮೊದಲು ಆ ಕ್ಯಾಮರಾ ಕೊಟ್ಟವರನ್ನು ಹಿಡಿಬೇಕು" ಎಂದು ಮಾಮಿ ಹೇಳುವಾಗ ಹಮೀದಾಕ ಅಲ್ಲೇ ಚಾವಡಿಯಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಕುಡಿದು, "ಹೌದು ಅಕ್ಕಾ, ನನ್ನದೇ ತಪ್ಪು. ಇನ್ನೊಂದು ಲೋಟ ಉಂಟಾ?" ಎನ್ನುತ್ತಾರೆ.

ಈಗ ಮಾಮನ ಫೋಟೋಗ್ರಫಿಯ ವಿಷಯಕ್ಕೆ ಬರುವ. ನೀವು ಮದುವೆಮನೆಯ ಗ್ರೂಪ್ ಫೋಟೋ ನೋಡಿದ್ದೀರಲ್ಲ? ಅದರಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ. ಆದರೆ ತೆಗೆಯುವವನೇ ಕಣ್ಣು ಮುಚ್ಚುವುದನ್ನು ಎಲ್ಲಿಯಾದರೂ ಕಂಡಿದ್ದೀರಾ? ಕಾಣಬೇಕಾದರೆ ನಮ್ಮ ಕುಲಶೇಖರಕ್ಕೆ ಬನ್ನಿ! ವೆಲ್ಡಿಂಗಿನ ಕಿಡಿ ಹಾರುವ ಮೊದಲು ಕಣ್ಣು ಮುಚ್ಚಿ ಮುಚ್ಚಿ ಅಭ್ಯಾಸವಾದ ಮನುಷ್ಯ. ಗುಂಡಿಯ ಮೇಲೆ ಬೆರಳು ಇಟ್ಟ ಕೂಡಲೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ, ಹೆಗಲು ಸಹ ಸ್ವಲ್ಪ ಹಿಂದೆ ಸರಿಯುತ್ತದೆ.

"ಮಾಮ, ಕಣ್ಣು ಬಿಡಿ!"

"ಒತ್ತುವ ಮೊದಲು ನೋಡಿ ಆಗಿದೆಯಲ್ಲ? ಮತ್ತೆ ಎಷ್ಟು ಸಲ ನೋಡುದು?"

ಹೀಗಾಗಿ ಅವರ ಫೋಟೋಗಳಲ್ಲಿ ಹಕ್ಕಿ ಇರುತ್ತಿದ್ದ ಜಾಗ ಇರುತ್ತದೆ, ಹಕ್ಕಿ ಇರುವುದಿಲ್ಲ. ಕಳೆದ ಸಲದ ಪ್ರದರ್ಶನಕ್ಕೆ ಅವರು ಕಳಿಸಿದ್ದು ಒಂದು ಕರೆಂಟಿನ ತಂತಿಯ ಫೋಟೋ. ತಂತಿ ಬಹಳ ಸ್ಪಷ್ಟವಾಗಿ ಬಂದಿತ್ತು. ಕೆಳಗೆ ಏನು ಬರೆಯಬೇಕು ಎಂದು ಕೇಳಿದ್ದಕ್ಕೆ, "ಮಿಂಚುಳ್ಳಿ, ಹಾರಿದ ಮೇಲೆ ಅಂತ ಬರಿ. ಸುಳ್ಳು ಹೇಳ್ಬಾರ್ದು" ಎಂದರು. ಪಾಪ, ಆ ಗುಂಪಿನವರು ಮರ್ಯಾದೆಯವರು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬರೆದಿದ್ದರು. ಮಾಮ ಆ ಉತ್ತರವನ್ನೇ ಪ್ರಿಂಟ್ ತೆಗೆಸಿ, ಇದು ಸರ್ಟಿಫಿಕೇಟು ಅಂತ ಲೆಕ್ಕಕ್ಕೆ ಬರುತ್ತದಾ ಎಂದು ನನ್ನನ್ನು ಕೇಳಿದರು. ಬರುವುದಿಲ್ಲ ಎಂದೆ. ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

ಈ ಸಲ ಫೋಟೋ ಕಳಿಸಲಿಕ್ಕೆ ಕೊನೆಯ ದಿನ ಭಾನುವಾರ. ನನಗೆ ವಾರಕ್ಕೆ ಸಿಗುವ ಒಂದೇ ರಜೆಯೂ ಭಾನುವಾರ. ಬೆಳಕು ಹರಿಯುವ ಮೊದಲೇ ಮಾಮ ನಮ್ಮ ಬಾಗಿಲು ತಟ್ಟಿದರು.

"ಏಳು ಮಾರಾಯ್ತಿ! ಹಕ್ಕಿಗಳೆಲ್ಲ ಎದ್ದಾಗಿದೆ."

"ಅವಕ್ಕೆ ವಾರವಿಡೀ ಆಫೀಸು ಇಲ್ಲ ಮಾಮ."

"ಇವತ್ತು ರಾತ್ರಿ ಆದ್ರೆ ಮುಗಿತು. ಮತ್ತೆ ಮುಂದಿನ ವರ್ಷ. ಮುಂದಿನ ವರ್ಷ ನನ್ನ ಕೈ ನಡುಗಿದ್ರೆ?" ಎಂದರು. ಹೇಳಿದ್ದು ತಮಾಷೆಗೇ. ಆದರೂ ನಾನು ಎದ್ದು ಮುಖ ತೊಳೆದೆ.

ಹೊರಗೆ ಬಂದು ನೋಡುತ್ತೇನೆ, ಮಾಮ ಹಸಿರು ರೇನ್‌ಕೋಟು ಹಾಕಿಕೊಂಡು ನಿಂತಿದ್ದಾರೆ! ಆಕಾಶದಲ್ಲಿ ಒಂದು ಮೋಡವಿಲ್ಲ. ಮಂಗಳೂರಿನ ಸೆಖೆಯಲ್ಲಿ ಬರೀ ಬನಿಯನ್ನಿನಲ್ಲಿ ನಿಂತರೂ ನೀರು ಸುರಿಯುತ್ತದೆ. ಇವರದ್ದು ಕುತ್ತಿಗೆಯವರೆಗೆ ಗುಂಡಿ!

"ಇದು ಎಂತಕ್ಕೆ?"

"ಕಾಡಿನವರೆಲ್ಲ ಹಸಿರು ಹಾಕುದು. ಹಕ್ಕಿಗೆ ನಾವು ಕಾಣ್ಬಾರ್ದು."

"ನಾವು ಹೋಗುದು ಕಡಲಿಗೆ ಮಾಮ. ಅಲ್ಲಿ ಮರಳು ಇರುದು."

"ಮರಳಿನ ಬಣ್ಣದ ರೇನ್‌ಕೋಟು ಸಿಗುದಿಲ್ಲ ಮಾರಾಯ್ತಿ, ನಾನು ಕೇಳಿದ್ದೇನೆ."

ಮಾಮಿ ನೀರುದೋಸೆ ಮತ್ತು ಒಣಸಿಗಡಿ ಚಟ್ನಿಯ ಬುತ್ತಿಯನ್ನು ನನ್ನ ಕೈಗೆ ಕೊಟ್ಟರು. "ಹಕ್ಕಿ ಸಿಗ್ಲಿ ಬಿಡ್ಲಿ, ಇವರನ್ನು ನೀರಿಗೆ ಇಳಿಲಿಕ್ಕೆ ಬಿಡ್ಬೇಡ" ಎಂದರು. ಹಮೀದಾಕನ ಹಳೆಯ ಓಮ್ನಿ ಹತ್ತಿ ನಾವು ಮೂವರು ಉಳ್ಳಾಲಕ್ಕೆ ಹೊರಟೆವು.

ನೇತ್ರಾವತಿ ಕಡಲಿಗೆ ಸೇರುವ ಅಳಿವೆಯ ಹತ್ತಿರ ನೀರು ಇಳಿದಿತ್ತು. ತೆರೆದ ಮರಳದಿಬ್ಬದ ಮೇಲೆ ಹಕ್ಕಿಗಳ ಸಂತೆ ನೆರೆದಿತ್ತು. ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಗಳು, ರೆಕ್ಕೆ ಬಿಡಿಸಿ ಬಟ್ಟೆಯ ಹಾಗೆ ಒಣಗಲಿಕ್ಕೆ ಹಾಕಿಕೊಂಡ ನೀರುಕಾಗೆಗಳು, ಅಲೆ ಬಂದರೆ ಹಿಂದೆ, ಅಲೆ ಹೋದರೆ ಮುಂದೆ ಓಡುವ ಪುಟ್ಟ ಪುಟ್ಟ ಹಕ್ಕಿಗಳು. ನಿಜಕ್ಕೂ ಚಂದವಿತ್ತು. ಆಗ ಅವುಗಳ ಕಡೆಗೆ ಒಂದು ಹಸಿರು ಪೊದೆ ನಡೆದುಕೊಂಡು ಹೋಯಿತು.

ಮೊದಲು ಬಂದದ್ದು ನಾಯಿಗಳು. ಬೀಚಿನ ನಾಯಿಗಳು ಎಂತೆಂಥವರನ್ನೋ ಕಂಡಿವೆ. ಆದರೆ ನಡೆಯುವ ಪೊದೆಯನ್ನು ಕಂಡಿರಲಿಲ್ಲ. ಒಂದು ಬೊಗಳಿತು, ಅದನ್ನು ಕೇಳಿ ಉಳಿದವೂ ಬೊಗಳಿದವು. ಬಲೆ ಸರಿಮಾಡುತ್ತಾ ಕುಳಿತಿದ್ದ ಒಬ್ಬ ಮೀನುಗಾರ ತಲೆಯೆತ್ತಿ ಆಕಾಶ ನೋಡಿ, ಮಾಮನನ್ನು ನೋಡಿ ಕೇಳಿದ:

"ಎಂತ ಅಣ್ಣಾ, ಮಳೆ ಬರ್ತದಾ?"

"ಇಲ್ಲ, ನಾನು ಯಾರಿಗೂ ಕಾಣ್ಬಾರ್ದು ಅಂತ."

"ಹೌದಾ? ಆಚೆ ದಡದವರಿಗೂ ಕಾಣ್ತಿರ್ಬೇಕು!"

ನಾಯಿಗಳು ಹೋದ ಮೇಲೆ ಹಕ್ಕಿಗಳು ಪುನಃ ಬಂದವು. ಈಗ ಮಾಮನ ಇನ್ನೊಂದು ವಿಶೇಷವನ್ನು ಹೇಳಬೇಕು. ಆ ವರ್ಕ್‌ಶಾಪಿನ ಗಲಾಟೆಯಲ್ಲಿ ಇಡೀ ಆಯುಷ್ಯ ಕಳೆದವರಿಗೆ ಕಿವಿ ಸ್ವಲ್ಪ ದೂರ. ತನ್ನ ಸ್ವರ ತನಗೆ ಕೇಳಿದರೆ ಮಾತ್ರ ಅದು ಮಾತು ಎಂದು ಅವರ ನಂಬಿಕೆ. ಆದ್ದರಿಂದ ಅವರು ಪಿಸುಗುಟ್ಟಿದರೆ ಅಳಿವೆಯ ಆಚೆ ಬೆಂಗ್ರೆಯವರು "ಎಂತ?" ಎಂದು ಕೇಳಬೇಕು! ನಾನೂ ಹಮೀದಾಕನೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಬೆಳ್ಳಕ್ಕಿಯೊಂದು ಕೊಕ್ಕನ್ನು ನೀರಿಗೆ ಇಳಿಸಿತ್ತು. ಮಾಮ ಮೆಲ್ಲ ಕುಕ್ಕರುಗಾಲಲ್ಲಿ ಕುಳಿತರು, ಕ್ಯಾಮರಾ ಎತ್ತಿದರು, ನಮ್ಮ ಕಡೆ ತಿರುಗಿ ತುಟಿಗೆ ಬೆರಳಿಟ್ಟರು.

"ಶ್ಶ್ಶ್! ಯಾರೂ ಮಾತಾಡ್ಬೇಡಿ!"

ದಿಬ್ಬ ಖಾಲಿ! ಒಂದು ಗರಿ ಮಾತ್ರ ಗಾಳಿಯಲ್ಲಿ ತಿರುಗುತ್ತಾ ಬಂದು ಹಮೀದಾಕನ ಟೊಪ್ಪಿಯ ಮೇಲೆ ಕುಳಿತಿತು.

"ನೋಡಿದ್ಯಾ? ನೀನು ಮಾತಾಡಿ ಓಡಿಸಿದ್ದು!" ಎಂದು ಮಾಮ ನನಗೆ ಬೈದರು. ಮಾತಾಡಿದ್ದು ಯಾರು? ನಾನಾ? ನನ್ನ ಹಲ್ಲು ಹಲ್ಲಿಗೆ ಕಚ್ಚಿಕೊಂಡಿತ್ತು!

ಅಲೆಯ ಅಂಚಿನಲ್ಲಿ ಓಡುವ ಪುಟ್ಟ ಹಕ್ಕಿಗಳು ಮಾತ್ರ ಉಳಿದಿದ್ದವು. ಅವು ಅಲೆಯ ಸದ್ದಿಗೆ ಕಿವುಡಾಗಿರಬೇಕು. ಮಾಮ ಗುಂಡಿ ಒತ್ತುವ ಬದಲು ನನ್ನನ್ನು ಕೇಳಿದರು, "ಈ ಹಕ್ಕಿಯ ಹೆಸರೆಂತ?"

"ಗೊತ್ತಿಲ್ಲ ಮಾಮ."

"ಗೊತ್ತಿಲ್ವಾ? ಡಿಗ್ರಿ ಆದವಳಲ್ವಾ ನೀನು?"

"ನನ್ನದು ಬಿ.ಕಾಂ. ಮಾಮ! ಅದರಲ್ಲಿ ಹಕ್ಕಿ ಬರುದಿಲ್ಲ."

"ಮತ್ತೆ ಅಷ್ಟು ವರ್ಷ ಎಂತ ಕಲಿಸಿದ್ದು ಅವರು?"

"ಹೆಸರು ಆಮೇಲೆ ನೋಡುವ, ಈಗ ಫೋಟೋ ತೆಗಿರಿ."

"ಹೆಸರು ಗೊತ್ತಿಲ್ಲದೆ ತೆಗೆಯುದಾ? ಯಾರದ್ದೋ ಮನೆಗೆ ನುಗ್ಗಿದ ಹಾಗೆ ಆಗುದಿಲ್ವಾ?"

ನಾನು ಮೊಬೈಲಿನಲ್ಲಿ ಹೆಸರು ಹುಡುಕಿ ಮುಗಿಸುವಷ್ಟರಲ್ಲಿ ಅಲೆ ಏರಿತು, ಹಕ್ಕಿಗಳು ಎತ್ತಲೋ ಹೋದವು. ಬಿಸಿಲು ಏರಿತು. ಮಾಮನ ರೇನ್‌ಕೋಟಿನ ಒಳಗಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬರುತ್ತಿತ್ತು. ಕೊನೆಗೆ ಅದನ್ನು ಕಳಚಿ, ಮೂವರೂ ಓಮ್ನಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಒಣಸಿಗಡಿಯ ಪರಿಮಳ ಹೊರಟದ್ದೇ ತಡ, ಒಂದು ಕಾಗೆ ಬಂದು ನಮ್ಮೆದುರಿನ ಕಲ್ಲಿನ ಮೇಲೆ ಕುಳಿತುಕೊಂಡಿತು. ಮಾಮಿಯ ಮಾತನ್ನು ಸುಳ್ಳು ಮಾಡಲಿಕ್ಕೇ ಬಂದ ಹಾಗೆ! ಕುತ್ತಿಗೆ ಓರೆ ಮಾಡಿತು, ಎದೆ ಉಬ್ಬಿಸಿತು, ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ ಮುಖ ತೋರಿಸಿತು.

"ತೆಗಿರಿ ಮಾರಾಯ್ರೆ! ಎಷ್ಟು ಚಂದ ನಿಂತಿದೆ!" ಎಂದರು ಹಮೀದಾಕ.

"ಕಾಗೆಯ ಫೋಟೋ ಯಾರಾದ್ರೂ ತೆಗಿತಾರಾ? ನನ್ನ ಮರ್ಯಾದೆ ಎಂತ ಆಗ್ಬೇಕು?"

ಕಾಗೆಗೂ ಮರ್ಯಾದೆ ಇತ್ತು. ಮಾಮನ ಎಲೆಯಿಂದ ಒಂದು ಇಡೀ ದೋಸೆ ಎತ್ತಿಕೊಂಡು ಹಾರಿಹೋಯಿತು.

ಮಾಮ ಎದ್ದರು. ಕೈ ತೊಳೆದು ಬಂದು, ಕ್ಯಾಮರಾದ ಮೇಲಿನ ಮರಳನ್ನು ಲುಂಗಿಯ ತುದಿಯಿಂದ ಒರೆಸುತ್ತಾ, "ಇನ್ನು ಗರುಡನೇ ಗತಿ" ಎಂದರು. ಹಮೀದಾಕ ನನ್ನನ್ನು ನೋಡಿದರು, ನಾನು ಹಮೀದಾಕನನ್ನು ನೋಡಿದೆ. ನಮ್ಮಿಬ್ಬರಿಗೂ ಬೇಡವಾಗಿದ್ದದ್ದು ಅದೊಂದೇ.

ಯಾಕೆ ಎನ್ನುತ್ತೀರಾ? ಕೆಂಪು ಮೈ, ಬಿಳಿ ಎದೆಯ ಗರುಡ ನಮ್ಮ ಧಕ್ಕೆಯಲ್ಲಿ, ಎಂದರೆ ಬೋಟುಗಳಿಂದ ಮೀನು ಇಳಿಸುವ ಬಂದರಿನ ಕಟ್ಟೆಯಲ್ಲಿ, ಬೇಕಾದಷ್ಟು ಉಂಟು. ಅದಕ್ಕೆ ಮನುಷ್ಯರ ಹೆದರಿಕೆ ಇಲ್ಲ. ಮಾಮನ ಪಿಸುಮಾತು ಕೂಡ ಬೋಟಿನ ಇಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಎಲ್ಲ ಸರಿ. ಆದರೆ ನಮ್ಮಲ್ಲಿ ಗರುಡ ಕಂಡರೆ ಕೈ ಮುಗಿಯುವ ಕ್ರಮ ಉಂಟಲ್ಲ! ನನ್ನ ಅಜ್ಜಿ ಮಕ್ಕಳಿಗೆ ಅನ್ನ ತಿನ್ನಲಿಕ್ಕೆ ಕಲಿಸುವ ಮೊದಲು ಇದನ್ನು ಕಲಿಸಿದ್ದರಂತೆ. ನಾವಾದರೆ ಮನಸ್ಸಿದ್ದರೆ ಮುಗಿಯುತ್ತೇವೆ, ಇಲ್ಲದಿದ್ದರೆ ಮರೆತೆವು. ಮಾಮ ಹಾಗಲ್ಲ. ತಲೆಯ ಮೇಲೆ ಗರುಡನ ನೆರಳು ಹಾದರೂ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಎರಡೂ ಕೈ ಜೋಡಿಸುತ್ತಾರೆ. ಒಮ್ಮೆ ಬೈಕು ಬಿಡುವಾಗಲೂ ಜೋಡಿಸಿದ್ದಾರೆ! ಕೈ ಮುಗಿದವರು ಗುಂಡಿ ಒತ್ತುವುದು ಯಾವ ಕೈಯಲ್ಲಿ?

ಧಕ್ಕೆಯಲ್ಲಿ ಬೋಟುಗಳು ಬಂದು ನಿಂತಿದ್ದವು. ಬೂತಾಯಿ, ಬಂಗುಡೆ ಮೀನುಗಳ ರಾಶಿ, ಐಸಿನ ನೀರು, ಬುಟ್ಟಿ ಹೊತ್ತು ಓಡುವವರ "ದಾರಿ, ದಾರಿ!" ಮೇಲೆ ಆಕಾಶ ತುಂಬ ಗರುಡಗಳು. ಮಾಮ ಕ್ಯಾಮರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಒಂದು ಬದಿಯಲ್ಲಿ ನಿಂತರು. ಒಂದು ಗರುಡ ಬಂತು, ಕೈ ಮುಗಿದರು. ಅದು ಹೋಗುವಷ್ಟರಲ್ಲಿ ಎಡಗಡೆಯಿಂದ ಇನ್ನೊಂದು. ಎಡಕ್ಕೆ ತಿರುಗಿ ಮುಗಿದರು. ಬಲಗಡೆಯಿಂದ ಜೋಡಿ ಬಂತು. ಬಲಕ್ಕೆ ತಿರುಗಿ, ಇಬ್ಬರಿಗೂ ಸಲ್ಲುವ ಹಾಗೆ ಸ್ವಲ್ಪ ಬಗ್ಗಿ ಮುಗಿದರು. ಬಿಳಿ ಅಂಗಿ, ನೆರೆತ ಕೂದಲು, ಎಲ್ಲ ದಿಕ್ಕಿಗೂ ಜೋಡಿಸಿದ ಕೈ. ಬಂಗುಡೆ ಮಾರುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು.

"ಯಾವ ವಾರ್ಡಿಗೆ ನಿಂತದ್ದು ಇವರು?"

"ಓಟಿಗಲ್ಲ ಅಕ್ಕಾ, ಫೋಟೋಕ್ಕೆ" ಎಂದೆ.

"ಓಟಿಗಾದ್ರೆ ಹೇಳಿ. ಇಷ್ಟು ಕೈ ಮುಗಿಯುವವರು ಇಲ್ಲಿಯವರೆಗೆ ಯಾರೂ ಬರ್ಲಿಲ್ಲ!"

ನಾಚಿಕೆಯಿಂದ ನನಗೆ ಐಸಿನ ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳುವ ಎನಿಸಿತು. ಬೋಟುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮೀನು ಮುಗಿದರೆ ಗರುಡಗಳೂ ಹೋಗುತ್ತವೆ. ಗರುಡಗಳು ಹೋದರೆ ಈ ವರ್ಷದ ಸರ್ಟಿಫಿಕೇಟೂ ಹೋಯಿತು. ಅದು ಮಾಮನಿಗೂ ಗೊತ್ತಿತ್ತು. ಅವರ ಹಣೆಯ ಮೇಲಿದ್ದದ್ದು ಬರೀ ಸೆಖೆಯ ಬೆವರಲ್ಲ.

ಹಮೀದಾಕನಿಗೆ ತಡೆಯಲಿಲ್ಲ. "ಇಲ್ಲಿ ಕೊಡಿ ಮಾರಾಯ್ರೆ. ನೀವು ಕೈ ಮುಗಿಯಿರಿ, ನಾನು ಒತ್ತುತ್ತೇನೆ."

ಮಾಮ ಕ್ಯಾಮರಾವನ್ನು ಎದೆಗೆ ಅವುಚಿಕೊಂಡರು. "ಆಗುದಿಲ್ಲ! ಒತ್ತಿದವರು ನೀವಾದ್ರೆ ಫೋಟೋ ನಿಮ್ಮದು. ನಿಮ್ಮ ಹೆಸರು ಬರ್ಬೇಕು."

"ನಿಮ್ಮ ಹೆಸರೇ ಹಾಕುವ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದಲ್ಲ!"

"ಹಾಗಾದ್ರೆ ಆ ಕೈ ಮುಗಿಯುವ ಕೆಲಸವನ್ನು ಬೇರೆ ಯಾರಿಗಾದ್ರೂ ಕೊಡಿ!"

ಮಾಮ ಆಸೆಯಿಂದ ಹಮೀದಾಕನ ಮುಖವನ್ನೇ ನೋಡಿದರು. ಹಮೀದಾಕ ಎರಡು ಹೆಜ್ಜೆ ಹಿಂದೆ ಹೋದರು. "ನನ್ನನ್ನು ಬಿಡಿ ಮಾರಾಯ್ರೆ! ನನ್ನ ಶಿಫಾರಸು ಅವನ ಹತ್ತಿರ ನಡಿಲಿಕ್ಕಿಲ್ಲ!"

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆಗೆ ತಿರುಗಿದರು.

"ನಾನು ಮುಗಿದ್ರೆ ನಿಮಗೆ ಸಲ್ಲುದು ಹೇಗೆ ಮಾಮ?" ಎಂದೆ, ತಪ್ಪಿಸಿಕೊಳ್ಳಲಿಕ್ಕೆ.

ಮಾಮನ ಮುಖ ಬೆಳಗಿತು. "ಯಾಕೆ ಸಲ್ಲುದಿಲ್ಲ? ನಮ್ಮದು ಅಳಿಯಸಂತಾನ ಅಲ್ವಾ? ನನ್ನದೆಲ್ಲ ತಂಗಿಯ ಮಕ್ಕಳಿಗೆ. ನನ್ನ ಆಸ್ತಿ ನಿನಗೆ ಬರುದಾದ್ರೆ ನನ್ನ ನಮಸ್ಕಾರ ಬರ್ಲಿಕ್ಕಿಲ್ವಾ?"

ಮಾಮನ ಆಸ್ತಿ ಎಂದರೆ ಒಂದು ಹಳೆಯ ಬೈಕು ಮತ್ತು ಆ ಹಸಿರು ರೇನ್‌ಕೋಟು. ಆದರೂ ಕಾನೂನು ಕಾನೂನೇ! ಬಿ.ಕಾಂ. ಕಲಿತವಳು ಧಕ್ಕೆಯ ಮಧ್ಯದಲ್ಲಿ, ಮೀನಿನ ನೀರಿನಲ್ಲಿ ಚಪ್ಪಲಿ ನೆನೆಸಿಕೊಂಡು, ಸೋದರಮಾವನ ಪರವಾಗಿ ಕೈ ಮುಗಿದು ನಿಂತಳು. ಅದೂ ಸುಮ್ಮನೆ ನಿಂತರೆ ಸಾಲದು!

"ಇನ್ನೂ ಸ್ವಲ್ಪ ಮೇಲೆ! ಅದಕ್ಕೆ ಕಾಣ್ಬೇಡ್ವಾ?"

ಎತ್ತಿದೆ.

"ನನ್ನ ಮುಂದೆ ಬಾ. ಹಿಂದೆ ನಿಂತು ಮುಗಿದ್ರೆ ಅದು ನಿನ್ನದೇ ಅಂತ ಲೆಕ್ಕ ಆಗ್ತದೆ!"

ಮುಂದೆ ಹೋದೆ. ಹಿಂದಿನಿಂದ ಟಿಕ್, ಟಿಕ್ ಎಂದು ಶುರುವಾಯಿತು. ಒಂದು ಗರುಡ ನೇರವಾಗಿ ಇಳಿದು, ಬೋಟಿನ ಅಂಚಿನಿಂದ ಬೂತಾಯಿಯನ್ನು ಕಾಲಲ್ಲಿ ಎತ್ತಿಕೊಂಡು ನಮ್ಮ ತಲೆಯ ಮೇಲಿಂದಲೇ ಹೋಯಿತು. ಅದರ ರೆಕ್ಕೆಯ ಗಾಳಿ ನನ್ನ ಬೆರಳಿಗೆ ತಾಗಿತು. ಆ ಒಂದು ಗಳಿಗೆ ನಾನು ನಿಜವಾಗಿ ಕೈ ಮುಗಿದೆ. ಅದು ಯಾರ ಲೆಕ್ಕಕ್ಕೆ ಹೋಯಿತೋ ಗೊತ್ತಿಲ್ಲ. ಬಂಗುಡೆಯ ಹೆಂಗಸು ಅವಳ ಗಿರಾಕಿಗೆ ಹೇಳುವುದು ಕೇಳಿತು: "ಈಗ ಮಗಳನ್ನು ನಿಲ್ಲಿಸಿದ್ರು. ಮಹಿಳಾ ಮೀಸಲಾತಿ ಇರ್ಬೇಕು."

ಮನೆಗೆ ಬಂದು, ಮಾಮಿ ಬೀಡಿ ಕಟ್ಟುವ ಮೂಲೆಯಲ್ಲೇ ಕುಳಿತು, ಎಲ್ಲರೂ ಫೋಟೋ ನೋಡಿದೆವು. ಬೋಟಿನ ಕಂಬ. ಆಕಾಶ. ಅಲುಗಿದ ಆಕಾಶ. ಹಮೀದಾಕನ ಗಡ್ಡದ ಅರ್ಧ ಭಾಗ. ಒಂದು ಬಾಲ. ನಾನು ತಲೆಗೆ ಕೈ ಹಚ್ಚುವ ಹೊತ್ತಿಗೆ ಅದು ಬಂತು. ಗರುಡ! ರೆಕ್ಕೆಯ ಒಂದೊಂದು ಗರಿಯೂ ಎಣಿಸುವ ಹಾಗೆ, ಕಾಲಲ್ಲಿ ಹೊಳೆಯುವ ಬೂತಾಯಿಯ ಸಹಿತ! ಕಣ್ಣು ಮುಚ್ಚಿಕೊಂಡು ತೆಗೆದ ಮನುಷ್ಯನಿಗೆ ಇದು ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಆದರೆ ಫೋಟೋದ ಕೆಳಗಿನ ಅಂಚಿನಿಂದ ಎರಡು ಕೈಗಳು ಎದ್ದಿದ್ದವು. ಗಾಜಿನ ಬಳೆ ಹಾಕಿದ, ಜೋಡಿಸಿದ, ನನ್ನ ಕೈಗಳು!

"ಹಾಳಾಯ್ತು!" ಎಂದು ಮಾಮ ಹಣೆ ಬಡಿದುಕೊಂಡರು. "ನಿನ್ನ ಕೈ ಅಡ್ಡ ಬಂತಲ್ಲ ಮಾರಾಯ್ತಿ! ಅಷ್ಟು ಮೇಲೆ ಯಾಕೆ ಎತ್ತಿದ್ದು?"

"ಎತ್ತು ಅಂತ ಹೇಳಿದ್ದು ಯಾರು?"

"ನಾನು ಹೇಳಿದ್ರೆ? ನಿನಗೆ ಬುದ್ಧಿ ಬೇಡ್ವಾ? ಡಿಗ್ರಿ ಆದವಳಲ್ವಾ?"

ನನ್ನ ತಾಳ್ಮೆಯೂ ಮುಗಿಯಿತು. "ಹೌದು, ಡಿಗ್ರಿ ಆದವಳು! ಮೀನಿನ ನೀರಲ್ಲಿ ನಿಂತು ಹಕ್ಕಿಗೆ ಕೈ ಮುಗಿಲಿಕ್ಕೆ ಅಲ್ಲ ನಾನು ಕಲಿತದ್ದು!" ಎಂದು ಕೂಗಿದೆ. ಮಾಮ ಫೋಟೋವನ್ನೇ ನೋಡುತ್ತಿದ್ದರು. ಮೆಲ್ಲಗೆ, "ಕೈಯನ್ನು ಕತ್ತರಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕತ್ತರಿಸಿ ನೋಡಿದೆ. ಕೈ ಹೋದರೆ ರೆಕ್ಕೆಯ ತುದಿಯೂ ಹೋಗುತ್ತಿತ್ತು. ಬೇರೆ ಫೋಟೋ ಇರಲಿಲ್ಲ, ಬೇರೆ ದಿನವೂ ಇರಲಿಲ್ಲ. ಇದ್ದ ಹಾಗೆಯೇ ಕಳಿಸಿದೆವು. ಶೀರ್ಷಿಕೆ ಕೊಡಬೇಕಿತ್ತು. "ಗರುಡ ಮತ್ತು ಅಡ್ಡ ಬಂದ ಕೈ ಅಂತ ಬರಿ. ಸುಳ್ಳು ಹೇಳ್ಬಾರ್ದು" ಎಂದರು ಮಾಮ. ನಾನು ಗರುಡ ಎಂದಷ್ಟೇ ಬರೆದೆ. ತಡ್ಪೆಯಿಂದ ತಲೆ ಎತ್ತದೆ ಮಾಮಿ ಕೇಳಿದರು, "ಕಳಿಸಿ ಆಯ್ತಾ? ಇನ್ನಾದ್ರೂ ಅಂಗಡಿಯಿಂದ ತೆಂಗಿನೆಣ್ಣೆ ತರ್ತೀರಾ?"

ಕೆಲವು ವಾರಗಳ ಮೇಲೆ ನನ್ನ ಮೊಬೈಲಿಗೆ ಸಂದೇಶ ಬಂತು. ಫೋಟೋ ಆಯ್ಕೆಯಾಗಿದೆ! ನಾನು ಅದನ್ನು ಓದಿ ಹೇಳಿದೆ. ಮಾಮ ಇನ್ನೊಮ್ಮೆ ಓದು ಎಂದರು. ಓದಿದೆ. ಆಮೇಲೆ ಹಮೀದಾಕನಿಗೆ ಫೋನ್ ಮಾಡಿ, ನನ್ನ ಬಾಯಿಂದಲೇ ಅವರಿಗೂ ಓದಿಸಿದರು. "ಆಸಕ್ತಿಗೆ ಧನ್ಯವಾದ ಅಂತ ಅಲ್ವಲ್ಲ? ಸರಿಯಾಗಿ ನೋಡಿದ್ದೀಯಲ್ಲ?" ಎಂದು ನಾಲ್ಕು ದಿನ ಕೇಳುತ್ತಲೇ ಇದ್ದರು.

ಪ್ರದರ್ಶನ ಒಂದು ಕಾಲೇಜಿನ ಸಭಾಂಗಣದಲ್ಲಿ. ಮಾಮಿ ಬರುವುದಿಲ್ಲ ಎಂದರು. ಕಟ್ಟಿದ ಬೀಡಿ ಕೊಟ್ಟು ಬರಲಿಕ್ಕುಂಟು, ಬಟ್ಟೆ ಒಗೆಯಲಿಕ್ಕುಂಟು ಎಂದೆಲ್ಲ ಹೇಳ್ತಾ ಹೇಳ್ತಾ ಒಳ್ಳೆಯ ಸೀರೆ ಉಟ್ಟು ಓಮ್ನಿಯಲ್ಲಿ ಎಲ್ಲರಿಗಿಂತ ಮೊದಲು ಕುಳಿತಿದ್ದರು. ಗೋಡೆಯಲ್ಲಿ ಬೇರೆಯವರ ಹಕ್ಕಿಗಳು ಚೌಕಟ್ಟಿನೊಳಗೆ ಒಂಟಿಯಾಗಿ, ಬಹಳ ಚಂದವಾಗಿ ಕುಳಿತಿದ್ದವು. ಮಾಮನ ಗರುಡನ ಎದುರಿಗೆ ಮಾತ್ರ ಒಂದು ಸಣ್ಣ ಗುಂಪು ನಿಂತಿತ್ತು. ಆಯ್ಕೆ ಸಮಿತಿಯವರೊಬ್ಬರು ಮೈಕು ಹಿಡಿದು ಹೇಳಿದರು: "ಹಕ್ಕಿಯನ್ನು ಎಲ್ಲರೂ ತೆಗೆಯುತ್ತಾರೆ. ಇವರು ಹಕ್ಕಿಯನ್ನೂ ತೆಗೆದಿದ್ದಾರೆ, ಅದನ್ನು ನೋಡುವ ಊರನ್ನೂ ತೆಗೆದಿದ್ದಾರೆ. ಈ ಕೈಗಳನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆ ನೋಡಿ!"

ಮಾಮ ಗಾಬರಿಯಿಂದ ನನ್ನ ಕಡೆಗೆ ಬಗ್ಗಿ ಪಿಸುಗುಟ್ಟಿದರು: "ಅದು ಅಡ್ಡ ಬಂದದ್ದು ಅಂತ ಯಾರಿಗೂ ಹೇಳ್ಬೇಡ!"

ಸಭಾಂಗಣದ ಕೊನೆಯ ಸಾಲಿನವರೆಗೂ ಕೇಳಿತು. ಎಲ್ಲರೂ ನಕ್ಕರು. ಮೈಕು ಹಿಡಿದವರೂ ನಕ್ಕರು. ಮಾಮನ ಮುಖ ಕೆಂಪಾಯಿತು. ಆದರೆ ಅದೇ ಹೊತ್ತಿಗೆ ಅವರ ಹೆಸರು ಕರೆದರು. ಊರಿನ ಹೆಸರು ಸಹಿತ, ಮನೆತನದ ಹೆಸರು ಸಹಿತ, ಮುಂದೆ ಒಂದು ಶ್ರೀಯುತವನ್ನೂ ಸೇರಿಸಿ ಕರೆದರು. ಮಾಮ ಎದ್ದರು, ಪುನಃ ಕುಳಿತರು. ಹಮೀದಾಕ ಹಿಂದಿನಿಂದ ದೂಡಿದರು. "ಹೋಗಿ ಮಾರಾಯ್ರೆ, ನಿಮ್ಮನ್ನೇ!"

ವೇದಿಕೆಯಲ್ಲಿ ಕಾಗದ ಕೈಗೆ ಬಂದದ್ದೇ, ಫೋಟೋಕ್ಕೆ ನಿಲ್ಲಿ ಎಂದು ಯಾರೋ ಹೇಳುತ್ತಿದ್ದರೂ ಕೇಳದೆ, ಮೆಟ್ಟಿಲಿಳಿದು ನೇರ ನಮ್ಮ ಸಾಲಿಗೆ ನಡೆದು ಬಂದರು. ಮಾಮಿಗೆ ಹೇಳಲಿಕ್ಕೆ ಅವರ ಹತ್ತಿರ ಬೇಕಾದಷ್ಟು ಇತ್ತು. ವಾರವಿಡೀ ನನಗೂ ಹಮೀದಾಕನಿಗೂ ಹೇಳಿ ಅಭ್ಯಾಸ ಮಾಡಿದ್ದರು. ಎದುರು ಬಂದಾಗ ಕಾಗದವನ್ನಷ್ಟೇ ಮುಂದೆ ಹಿಡಿದರು.

ಮಾಮಿ ಸೆರಗಿನಲ್ಲಿ ಕೈ ಒರೆಸಿದರು. ಒರೆಸಿದ್ದು ಸಾಲದು ಎಂದು ಇನ್ನೊಮ್ಮೆ ಒರೆಸಿ ತೆಗೆದುಕೊಂಡರು. ಅಕ್ಷರಗಳೆಲ್ಲ ಇಂಗ್ಲಿಷು. "ಇವರ ಹೆಸರು ಎಲ್ಲಿ ಉಂಟು?" ಎಂದು ನನ್ನನ್ನು ಕೇಳಿದರು. ತೋರಿಸಿದೆ. ಹೊಗೆಸೊಪ್ಪು ಹಿಡಿದು ಹಿಡಿದು ಕಪ್ಪಾದ ಬೆರಳನ್ನು ಕಾಗದಕ್ಕೆ ತಾಗಿಸದೆ, ಆ ಹೆಸರಿನ ಮೇಲೆ ಗಾಳಿಯಲ್ಲೇ ಈ ತುದಿಯಿಂದ ಆ ತುದಿಯವರೆಗೆ ನಡೆಸಿದರು. ಆಮೇಲೆ ಮಾಮನ ಮುಖ ನೋಡದೆ ಹೇಳಿದರು:

"ಗೋಡೆಗೆ ಮೊಳೆ ಹೊಡಿವಾಗ ತುಂಬ ಮೇಲೆ ಹೊಡಿಬೇಡಿ. ನನಗೆ ಕೂತಲ್ಲಿಂದ ಕಾಣ್ಬೇಕು."